ಒಬ್ಬಳೇ ಅಮ್ಮ, ಎರಡು ಬಾಣಂತನ

ಫೆಬ್ರವರಿ 6, ಗುರುವಾರ. ಬೆಳಗ್ಗೆ

ಮಗ್ಗುಲು ಬದಲಿಸಲು ಮತ್ತೆ ವೀರೇಂದ್ರನನ್ನೇ ಎಬ್ಬಿಸಬೇಕಾಯಿತು. ಎರಡೂ ಮೊಣಕಾಲು ಜೋಡಿಸಿ, ನಡುವೆ ದಿಂಬು ಸಿಕ್ಕಿಸಿ, ಕೊರಡು ಹೊರಳಿಸಿದ ಹಾಗೆ ಹೊರಳಿಸುತ್ತಾನೆ. ಪಾಪ, ನಿದ್ದೆಗಣ್ಣಲ್ಲೇ ಮಾಡುವಷ್ಟು ಪಳಗಿದ್ದಾನೆ ನನ್ನ ಗಂಡ. ಕಾಲು ಸ್ವಲ್ಪ ಅಗಲವಾದರೆ ಸಾಕು — ಹೊಟ್ಟೆಯ ಕೆಳಗೆ, ಮುಂದಿನ ಮೂಳೆಯಲ್ಲಿ, ಯಾರೋ ಹಿಡಿದು ಸೀಳಿದ ಹಾಗೆ. ಎಂಟನೇ ತಿಂಗಳು. ಇನ್ನೂ ಇದೆ.

ವಾಟ್ಸಾಪಿನಲ್ಲಿ ರಶ್ಮಿಯ ಫೋಟೋ. ಗಂಡನ ಜೊತೆ ತ್ಯಾವರೆಕೊಪ್ಪಕ್ಕೆ ಹೋಗಿದ್ದಳಂತೆ. ಹುಲಿ ಹಿಂದೆ, ಇವಳು ಮುಂದೆ, ಹೊಟ್ಟೆ ಅದಕ್ಕೂ ಮುಂದೆ. ನನ್ನ ತಂಗಿ. ಬಸಿರಿನಲ್ಲಿ ನನಗಿಂತ ಹದಿನೈದು ದಿನ ಹಿಂದೆ, ಅಷ್ಟೆ. ಝೂ ಪೂರ್ತಿ ನಡೆದಳಂತೆ. ನಾನು ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತೇನೆ.

ಹಾರ್ಟ್ ಕಳಿಸಿದೆ. ಸುಳ್ಳು ಹಾರ್ಟ್.

ಫೆಬ್ರವರಿ 9, ಭಾನುವಾರ

ಭದ್ರಾವತಿಯಿಂದ ಅಮ್ಮನ ಫೋನ್. ತೀರ್ಮಾನ ಆಗಿಹೋಗಿದೆ. ಒಂದೇ ಮನೆಯಲ್ಲಿ ಒಟ್ಟಿಗೆ ಎರಡು ಬಾಣಂತನ ಆಗಬಾರದು ಅಂತ ನಮ್ಮಲ್ಲಿ ಮೊದಲಿನಿಂದ ಇದೆ. ನನ್ನದೂ ಚೊಚ್ಚಲು, ಅವಳದೂ ಚೊಚ್ಚಲು. ತವರು ಒಂದೇ. ಅದು ರಶ್ಮಿಯ ಪಾಲಾಯಿತು.

"ಅವಳಿಗೆ ಅತ್ತೆ ಇಲ್ಲ ಕಣೇ ಸುಮನಾ. ಯಾರ್ ನೋಡ್ಕೋತಾರೆ? ನಿಂಗೆ ಚಿನ್ನದಂಥ ಅತ್ತೆ ಇದಾರೆ."

"ನಂಗೆ ನಡಿಯಕ್ಕೇ ಆಗ್ತಿಲ್ಲಮ್ಮ."

"ಬಸುರಿ ಅಂದ್ಮೇಲೆ ಸೊಂಟ ನೋಯ್ದೆ ಇರುತ್ತಾ ಮಾರಾಯ್ತಿ? ಕೂತೇ ಇದ್ರೆ ಇನ್ನೂ ಹಿಡ್ಕೊಳುತ್ತೆ. ಕುಕ್ಕರಗಾಲಲ್ಲಿ ಕೂತು ನೆಲ ಒರ್ಸು, ಹೆರಿಗೆ ಸಲೀಸಾಗುತ್ತೆ. ರಶ್ಮಿ ದಿನಾ ಒರಸ್ತಾಳೆ."

ನನಗೆ ಅತ್ತೆ ಇರುವುದೇ ನನ್ನ ತಪ್ಪಾಯಿತು. ಅತ್ತೆ ಚಿನ್ನವೇ, ಇಲ್ಲ ಅನ್ನುವುದಿಲ್ಲ. ಆದರೆ ಅವರ ಮುಂದೆ ನರಳುವುದಾದರೂ ನೈಟಿ ಸರಿಮಾಡಿಕೊಂಡು ನರಳಬೇಕು. ಅಮ್ಮನ ಮುಂದೆ ಹೇಗೆ ಬೇಕಾದರೂ ಬಿದ್ದುಕೊಳ್ಳಬಹುದು.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಸುಣ್ಣ ಯಾವಾಗಲೂ ದೊಡ್ಡ ಮಗಳಿಗೆ.

ಫೆಬ್ರವರಿ 13, ಗುರುವಾರ. ಸಂಜೆ

ಫಿಸಿಯೋ ಹತ್ತಿರ ಹೋಗಿ ಬಂದೆ. ತನುಶ್ರೀ ಅಂತ. ಬಸಿರಿನಲ್ಲಿ ಮುಂದಿನ ಮೂಳೆಯ ಕೀಲು ಸಡಿಲವಾಗುತ್ತದೆ, ಕೆಲವರಿಗೆ ಹೀಗೆ ನೋಯುತ್ತದೆ, ಮಗುವಿಗೆ ಏನೂ ತೊಂದರೆಯಿಲ್ಲ ಅಂದರು. ಸೊಂಟಕ್ಕೆ ಬೆಲ್ಟ್ ಕೊಟ್ಟರು. ಮೆಟ್ಟಿಲನ್ನು ಒಂದೊಂದಾಗಿ, ಎರಡೂ ಕಾಲು ಇಟ್ಟು ಹತ್ತಬೇಕು. ಕಾರು ಹತ್ತುವಾಗ ಮೊದಲು ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ.

"ಕುಕ್ಕರಗಾಲು ಮಾತ್ರ ಬೇಡ. ನೆಲ ಒರಸೋದಂತೂ ಬೇಡ್ವೇ ಬೇಡ."

ಎಂಥ ಖುಷಿ ನನಗೆ. ಮೆಟ್ಟಿಲಿಳಿಯುವ ಮೊದಲೇ ಅಮ್ಮನಿಗೆ ಫೋನ್ ಮಾಡಿ ವರದಿ ಒಪ್ಪಿಸಿದೆ.

"ಈಗಿನೋರು ಎಲ್ಲಕ್ಕೂ ಬೇಡ ಅಂತಾರೆ. ನೀನು ಹುಟ್ಟೋ ಹಿಂದಿನ್ ದಿನ ಕ್ವಾರ್ಟರ್ಸಿನ ಬೀದಿ ನಲ್ಲಿಯಿಂದ ನೀರು ಹೊತ್ತಿದೀನಿ ನಾನು" ಅಂದಳು.

ಫೆಬ್ರವರಿ 18, ಮಂಗಳವಾರ

ಬರೆಯಲಾಗಿರಲಿಲ್ಲ. ಭಾನುವಾರ ಭದ್ರಾವತಿಯಲ್ಲಿ ರಶ್ಮಿಯ ಕುಬುಸ. ಹಸಿರು ಸೀರೆ ಉಟ್ಟು, ಉಡಿ ತುಂಬಿಸಿಕೊಂಡು, ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು, ಮಹಾರಾಣಿ. ನನ್ನ ಕುಬುಸದಲ್ಲಿ ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲಿದ್ದೆ. ಫೋಟೋದಲ್ಲಿ ಕುರ್ಚಿಯೇ ಚೆನ್ನಾಗಿ ಬಂದಿದೆ.

ಊಟದ ಹೊತ್ತಿಗೆ ಯಾರದೋ ಕೈತಪ್ಪಿ ಪಾಯಸ ಚೆಲ್ಲಿತು. ರಶ್ಮಿ ಬಟ್ಟೆ ತೆಗೆದುಕೊಂಡು ಕುಕ್ಕರಗಾಲಲ್ಲಿ ಕೂತಳು. ಒರೆಸಿದಳು. ಎದ್ದಳು. ಅಷ್ಟು ಸಲೀಸು.

"ನೋಡ್ರೇ, ಇವಳದ್ದು ನಾರ್ಮಲ್ಲೇ" ಅಂದರು ಚಿಕ್ಕಮ್ಮ. ಅಮ್ಮನ ಮುಖ ಊರಗಲ.

ನೆಲದಲ್ಲಿ ಇನ್ನೂ ಒಂದು ಕಡೆ ಅಂಟು ಉಳಿದಿತ್ತು. ನನಗೇನಾಯಿತೋ... ಬಟ್ಟೆ ಕಸಿದುಕೊಂಡು ನಾನೂ ಕೂತೆ.

ಏಳಲಾಗಲಿಲ್ಲ. ಒಳಗೆ ಟಕ್ ಅಂದಿತು. ಮುಂದಕ್ಕೆ ಬಿದ್ದು, ಎರಡೂ ಕೈ ಪಾಯಸದ ಅಂಟಿನಲ್ಲಿ ಊರಿ, ದನದ ಹಾಗೆ ನಾಲ್ಕು ಕಾಲಲ್ಲಿ ನಿಂತೆ. ಕಿರುಚಿದೆನಂತೆ, ನೆನಪಿಲ್ಲ. ವೀರೇಂದ್ರನೂ ರಶ್ಮಿಯ ಗಂಡ ಮಲ್ಲಿಕ್ಕೂ ಸೇರಿ ಎತ್ತಿ ಕಾರಿಗೆ ಹಾಕಿದರು. ಕೈ ಒರೆಸಿದ್ದು ರಶ್ಮಿ. ಅದೇ ಹೆಚ್ಚು ಉರಿಯಿತು.

ಅಮ್ಮ ಕಾರಿನ ಬಾಗಿಲು ಹಿಡಿದು ನಿಂತಿದ್ದಳು. ನನ್ನ ಕಾಲು ನಡುಗುತ್ತಿದ್ದುದನ್ನು ನೋಡಿದಳು.

ಸ್ಕ್ಯಾನ್ ಆಯಿತು. ಮಗು ಆರಾಮಾಗಿದೆ. ನನಗೆ ರೆಸ್ಟ್.

ಫೆಬ್ರವರಿ 22, ಶನಿವಾರ

ಅಮ್ಮ ಬಂದಳು! ಬ್ಯಾಗು ಸಮೇತ, ಗೋಪಾಳದ ನಮ್ಮ ಮನೆಗೆ. ರಶ್ಮಿಯನ್ನು ಚಿಕ್ಕಮ್ಮನ ಕೈಗೆ ಒಪ್ಪಿಸಿದ್ದಾಳೆ.

"ಅವಳದಕ್ಕೆ ಇನ್ನೂ ಟೈಮ್ ಇದೆ. ನಿಂದಾಗೋವರ್ಗೂ ಇರ್ತೀನಿ."

ವೀರೇಂದ್ರನಿಗಿಂತ ಚೆನ್ನಾಗಿ ಹೊರಳಿಸುತ್ತಾಳೆ. ಒಂದು ಕೈ ಬೆನ್ನಿಗೆ, ಒಂದು ಕೈ ಮೊಣಕಾಲಿಗೆ. "ಇಷ್ಟ್ ನೋವು ಅಂತ ನಂಗೆ ಗೊತ್ತಿರ್ಲಿಲ್ವೇ" ಅಂದಳು. ಹೇಳಿದ್ದೆನಲ್ಲ ಅನ್ನಬೇಕೆನಿಸಿತು, ಅನ್ನಲಿಲ್ಲ. ಸಿಕ್ಕಿದ್ದನ್ನು ಕೆಡಿಸಿಕೊಳ್ಳಬಾರದು.

ಫೆಬ್ರವರಿ 26, ಬುಧವಾರ. ಶಿವರಾತ್ರಿ

ರಶ್ಮಿ ಫೋನ್ ಮಾಡಿದ್ದಳು. "ಅಮ್ಮನ್ನ ಹಾರಿಸ್ಕೊಂಡ್ ಹೋದೆ ಅಲ್ವೇನೇ ಅಕ್ಕ?" ನಗುತ್ತಲೇ ಅಂದಳು. ನಗು ಅರ್ಧಕ್ಕೇ ನಿಂತಿತು. "ಚಿಕ್ಕಮ್ಮನ್ ಸಾರು ಬಾಯಿಗ್ ಇಡಕ್ಕಾಗಲ್ಲ."

ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ತಂಬಿಟ್ಟು ಇನ್ನೊಂದು ತಿಂದೆ.

ಇಲ್ಲಿ ಬರೆಯಬಹುದು: ಬೆಲ್ಟಿನಿಂದ ನೋವು ಸ್ವಲ್ಪ ಇಳಿದಿದೆ. ಅಮ್ಮನಿಗೆ ಹೇಳಿಲ್ಲ. ಅವಳು ಭದ್ರಾವತಿಗೆ ಫೋನ್ ಹಚ್ಚಿದಾಗ ಒಂದು ಸುತ್ತು ಜೋರಾಗಿಯೇ ನರಳುತ್ತೇನೆ. ಫೋನ್ ಇಟ್ಟು ಬರುತ್ತಾಳೆ.

ಮಾರ್ಚ್ 3, ಸೋಮವಾರ. ಸಂಜೆ

ಅಮ್ಮ ಹೋದಳು.

ತಲೆಗೆ ಹಾಕಲು ಎಣ್ಣೆ ಬೆಚ್ಚಗೆ ಮಾಡಿ ತರುತ್ತೇನೆಂದು ಅಡುಗೆಮನೆಗೆ ಹೋಗಿದ್ದಳು. ಅವಳ ಫೋನ್ ನನ್ನ ಮಂಚದ ಮೇಲೆ ರಿಂಗಾಯಿತು, ಎತ್ತಿದೆ. ಮಲ್ಲಿಕ್.

"ಅತ್ತಿಗೆ, ರಶ್ಮಿಗೆ ನೀರು ಹೋಗಿದೆ. ಅಡ್ಮಿಟ್ ಮಾಡಿದೀವಿ. ದಿನ ತುಂಬೋ ಮುಂಚೆನೇ ಆಯ್ತು ಅಂತಿದಾರೆ ಡಾಕ್ಟ್ರು. ಅಮ್ಮ ಅಮ್ಮ ಅಂತಿದಾಳೆ, ಅತ್ತೇನ ಬೇಗ ಕಳಿಸ್ಕೊಡಿ."

"ಹೇಳ್ತೀನಿ" ಅಂದೆ.

ಅಮ್ಮ ಎಣ್ಣೆ ಬಟ್ಟಲು ಹಿಡಿದು ಬಂದು ಹಿಂದೆ ಕೂತಳು. "ಯಾರ್ದೇ ಫೋನು?"

"ಯಾವ್ದೋ ಕಂಪ್ನಿದು."

ನೆತ್ತಿಗೆ ಎಣ್ಣೆ ತಟ್ಟಿದಳು. ಸಿಕ್ಕು ಬಿಡಿಸಿದಳು. ಬೈತಲೆ ತೆಗೆದಳು. ಇದೊಂದು ಜಡೆ ಮುಗಿಯಲಿ, ಇದೊಂದು ನನಗಿರಲಿ. ಅಷ್ಟೇ ಯೋಚನೆ ಬಂದದ್ದು. ಬೇರೆ ಯೋಚನೆ ಬರಬೇಕಿತ್ತು.

ರಬ್ಬರ್ ಬ್ಯಾಂಡ್ ಹಾಕಿದ ಮೇಲೆ ಹೇಳಿದೆ.

ಅವಳ ಕೈ ನನ್ನ ಬೆನ್ನ ಮೇಲೆಯೇ ನಿಂತಿತು. "ಆಗ್ಲೇ ಬಂದಿತ್ತಾ?" ಅಂದಳು. ನಾನು ತಲೆಯಾಡಿಸಿದೆ. ಬಯ್ಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. ಎಣ್ಣೆಗೈ ಸೆರಗಿಗೆ ಒರೆಸಿಕೊಂಡು, ಸೀರೆಯನ್ನೂ ಬದಲಿಸದೆ, ವೀರೇಂದ್ರನ ಜೊತೆ ಕಾರು ಹತ್ತಿದಳು.

ಮಾರ್ಚ್ 4, ಮಂಗಳವಾರ. ಮಧ್ಯಾಹ್ನ

ಹೆಣ್ಣು ಮಗು. ಎರಡು ಕೆಜಿ ಚಿಲ್ಲರೆ. ಉಸಿರಾಟ ಚೆನ್ನಾಗಿದೆ, ಸ್ವಲ್ಪ ದಿನ ಬೆಚ್ಚಗೆ ವಾರ್ಮರಿನಲ್ಲಿ ಇಡುತ್ತಾರಂತೆ. ಅಮ್ಮ ತಲುಪಿದ ಮೇಲೆಯೇ ಹೆರಿಗೆ ಆದದ್ದು. ಬರೆದ ಈ ಸಾಲನ್ನು ಓದಿಕೊಂಡು ಇನ್ನೊಮ್ಮೆ ಉಸಿರುಬಿಟ್ಟೆ.

ಫೋಟೋ ಕಳಿಸಿದ್ದಾರೆ. ಮೂಗು ನಮ್ಮ ಅಮ್ಮನದೇ. ಆ ಮೂಗು ನನ್ನ ಮಗುವಿಗೆ ಇರಲಿ ಅಂತ ನಾನು ಎಷ್ಟು ಸಲ ಬೇಡಿಕೊಂಡಿದ್ದೆ.

ಬೆಳಗಿನಿಂದ ನೋವು ಹೆಚ್ಚು. ನಿಜವಾದದ್ದು. ಬಚ್ಚಲಿಗೆ ಅತ್ತೆ ಹಿಡಿದುಕೊಂಡು ಹೋದರು, ಅರ್ಧ ದಾರಿಯಲ್ಲಿ ಇಬ್ಬರೂ ನಿಂತೆವು.

ಈಗ ಅಮ್ಮನ ಫೋನ್. ನಿನ್ನೆಯ ಮಾತು ಎತ್ತಲಿಲ್ಲ. ಅತ್ತಳು, ನಕ್ಕಳು, ಮಗುವಿನ ಬೆರಳು ಎಷ್ಟುದ್ದ ಅಂತ ಹೇಳಿದಳು. ಆಮೇಲೆ ಕೇಳಿದಳು.

"ನಿನ್ ಸೊಂಟ ಹೆಂಗಿದ್ಯೇ? ಬರ್ಲಾ ನಾನು?"

ಅವಳ ಹಿಂದೆ ರಶ್ಮಿಯ ದನಿ. ಅಮ್ಮ, ನೀರು.

"ಬೇಡಮ್ಮ. ನೋವೆಲ್ಲ ಇಳ್ದಿದೆ. ಅಲ್ಲೇ ಇರು."

"ಹೌದಾ? ಸದ್ಯ. ಒಳ್ಳೇದಾಯ್ತು" ಅಂದಳು. ಇಟ್ಟಳು.

ನೋವಿದೆ ಅಂದದ್ದನ್ನು ನಂಬಿಸಲು ನಾನು ಅವಳ ಕಣ್ಣೆದುರು ನೆಲಕ್ಕೆ ಬೀಳಬೇಕಾಯಿತು. ಇಲ್ಲ ಅಂದದ್ದನ್ನು ಮಾತ್ರ ಎಷ್ಟು ಬೇಗ ನಂಬಿಬಿಟ್ಟಳು.