ತಿಕೋಟಾಕ್ಕೆ ಬಂದ ಹಡಗಿನ ಮಾತುಗಳು

ತಿಕೋಟಾ
೧೧-೩-೧೯೬೨

ಪ್ರೀತಿಯ ಮಗ ಗೊಲ್ಲಾಳಪ್ಪನಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀ? ಮುಂಬಯಿ ನೀರಿಗೆ ಹತ್ತಿದ ಕೆಮ್ಮು ಬಿಟ್ಟಿತೋ ಇಲ್ಲವೋ? ಇಲ್ಲಿ ನಾವೆಲ್ಲ ಸೌಖ್ಯ. ನಿಮ್ಮವ್ವನ ಮೊಣಕಾಲು ನೋವು ಮಾತ್ರ ನಿನ್ನ ಕಾಗದ ಬಂದ ದಿನವೇ ಹೆಚ್ಚಾಗುತ್ತದೆ. ಅದೇಕೆಂದು ಮುಂದೆ ಬರೆಯುತ್ತೇನೆ.

ಹಡಗಿನ ಮುದಿ ಖಲಾಸಿಗಳಿಂದ ಕೇಳಿ ನೀನು ಬರೆದು ಕಳಿಸುವ ಇಂಗ್ಲಿಷ್ ಮಾತುಗಳು ನನ್ನನ್ನು ಯೋಚನೆಗೆ ಹಚ್ಚಿವೆ. ‘ಅಲೂಫ್’ ಎಂದರೆ ಯಾರೊಡನೆಯೂ ಬೆರೆಯದವನು ಎಂದಷ್ಟೇ ಕಲಿಸುತ್ತ ಬಂದವನು ನಾನು. ದಂಡೆಗೆ ಬಡಿಯದಂತೆ ಹಡಗಿನ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಿ ದೂರ ಇಡುವುದರಿಂದ ಅದು ಹುಟ್ಟಿತೆಂದು ಯಾರು ಕಂಡಿದ್ದರು? ಅತಿ ಹೆಚ್ಚು ತೋಪುಗಳಿದ್ದ ಯುದ್ಧದ ಹಡಗೇ ‘ಫಸ್ಟ್ ರೇಟ್’ ಅಂತೆ. ವಿಜಾಪುರಕ್ಕೆ ಹೋದಾಗ ಸ್ಟೇಷನ್ ರಸ್ತೆಯ ಚಹಾದಂಗಡಿ ಅಮೀನಸಾಬನಿಗೆ ಹೇಳಿದೆ. ತನ್ನ ಚಹಾಕ್ಕೆ ಅವನು ಅದೇ ಮಾತು ಹಚ್ಚುತ್ತಾನಲ್ಲ. “ಹಂಗಾದ್ರ ಇನ್ನಷ್ಟು ಕಡಕ್ ಮಾಡ್ತೇನ್ರಿ ಮಾಸ್ತರ” ಅಂದ.

ಮೊನ್ನೆ ಸಂಜೆ ಕಟ್ಟೆಯ ಮೇಲೆ ಮಕ್ಕಳಿಗೆ ‘ಟೇಕನ್ ಅಬ್ಯಾಕ್’ ಹೇಳುತ್ತಿದ್ದೆ. ಎದುರುಗಾಳಿ ಹಾಯಿಗೆ ಬಡಿದು ಹಡಗು ನಿಂತುಬಿಡುವುದು, ಈಗ ಮನುಷ್ಯ ದಂಗಾಗುವುದು. ಮಮದಾಪುರದ ಕೆರೆಗಿಂತ ದೊಡ್ಡ ನೀರು ಕಾಣದ ಮಕ್ಕಳು ಪಿಳಿಪಿಳಿ ನೋಡಿದರು. ಬಾಗಿಲ ಮರೆಯಿಂದ, ನಿಮ್ಮವ್ವನಿಗೆ ಹೇಳುವಂತೆ, ನಿನ್ನ ಹೆಂಡತಿ ರೇಣವ್ವನ ದನಿ ಬಂತು: “ಅತ್ತೀ, ರಾಶಿ ತೂರುವಾಗ ಗಾಳಿ ತಿರುಗಿ ಹೊಟ್ಟು ಮಾರಿಗೆ ಬಡದ್ರ ಕೈ ನಿಂತುಬಿಡತೈತಲ್ರಿ, ಹಂಗಂತ ಹೇಳ್ರಿ.” ಮಕ್ಕಳು ನಕ್ಕರು, ಅರ್ಥವೂ ಆಯಿತು. ನಿನ್ನ ಕಾಗದ ಓದುವಾಗ ಅವಳು ಒಂದಕ್ಷರ ಬಿಡದೆ ಕೇಳುತ್ತಾಳೆಂದು ನನಗೆ ಆಗ ತಿಳಿಯಿತು.

ಈಗ ನಿನ್ನ ಪ್ರಶ್ನೆ. ಹಡಗು ಬಿಟ್ಟು ಬಂದರಿನಲ್ಲೇ ಕೆಲಸ ಸಿಕ್ಕಿದೆ, ಇರಲು ಒಂದು ಖೋಲಿ ಹಿಡಿದಿದ್ದೇನೆ, ರೇಣವ್ವ ಮನಸಾರೆ ಒಪ್ಪಿದರೆ ಮಾತ್ರ ಕಳಿಸು ಎಂದು ಬರೆದಿದ್ದೀ. ನಮ್ಮ ಮನೆಯ ರೀತಿ ನಿನಗೆ ಗೊತ್ತಿದ್ದದ್ದೇ. ಸೊಸೆ ಮಾವನ ಕೂಡ ನೇರ ಮಾತಾಡುವುದಿಲ್ಲ. ನನ್ನ ಮಾತು ನಿಮ್ಮವ್ವನಿಂದ ಒಳಗೆ ಹೋಗಬೇಕು, ಅವಳದು ನಿಮ್ಮವ್ವನಿಂದಲೇ ಹೊರಗೆ ಬರಬೇಕು. ಹಾಗೆಯೇ ನಿಮ್ಮವ್ವನಿಂದ ಕೇಳಿಸಿದೆ. ನಿಮ್ಮವ್ವ ಒಳಹೊಕ್ಕಷ್ಟೇ ಬೇಗ ತಿರುಗಿ ಬಂದು, “ಒಲ್ಲೆ ಅಂತಾಳ” ಎಂದು ಮೊಣಕಾಲು ಹಿಡಿದು ಕೂತಳು. ಪಾಪ, ಅವಳಿಗೂ ಮನೆಯಲ್ಲಿ ಮಾತಿಗೆ ಜೊತೆಯೆಂದರೆ ಸೊಸೆಯೇ; ನಿನ್ನ ಕಾಗದ ಬಂದಾಗಲೆಲ್ಲ ಅವಳನ್ನು ಕರೆಸುತ್ತೀಯೆಂಬ ಭಯ. ಅದು ಯಾರ ಉತ್ತರವೋ ನನಗೆ ತಿಳಿಯದು. ತಿಳಿಯದೆ ನಿನಗೆ ಏನು ಬರೆಯಲಿ?

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೆಲಸ ನಿನ್ನ ಕೈಹಿಡಿಯಲಿ.

ಇಂತು ನಿನ್ನ ತಂದೆ,
ಸಿದ್ದರಾಯ

ತಾ.ಕ.: ಟಪಾಲಿನ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿಮ್ಮವ್ವ ಗುಡಿಗೆ ಹೋಗಿದ್ದಾಳೆ. ರೀತಿ ಹಾಳಾಗಿ ಹೋಗಲಿ ಎಂದು ಬಾಗಿಲಿಗೆ ಬೆನ್ನು ಮಾಡಿ ರೇಣವ್ವನನ್ನು ನಾನೇ ಕೇಳಿಬಿಟ್ಟೆ. ಬಾಗಿಲ ಹತ್ತಿರ ಬಳೆಯ ಸದ್ದಾಯಿತು. ಆಮೇಲೆ, “ಮುಂಬಯಿಗೆ ಹೊಕ್ಕೀನ್ರಿ ಮಾವಾರ” ಅಂದಳು. ಈ ಮನೆಗೆ ಬಂದ ಮೇಲೆ ಅವಳು ನನ್ನ ಕೂಡ ಆಡಿದ ಮೊದಲನೆಯ ಮಾತು ಇದು, ಮಗನೇ. ಸಂತೋಷವಾಯಿತು, ಕಣ್ಣಲ್ಲಿ ನೀರೂ ಬಂತು. ನಿಮ್ಮವ್ವನಿಗೆ ನಾನು ಹೇಳುತ್ತೇನೆ. ನೀನು ಬಂದು ಕರೆದುಕೊಂಡು ಹೋಗು.