ಶುಕ್ರವಾರ ಹತ್ತಕ್ಕೆ

ಮುದ್ದು ತಂಗಿಗೆ,

ನಾವು ಮೂರು ವರ್ಷದಿಂದ ಕಾದ ಆನ್‌ಲೈನ್ ಆಟ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಶುರುವಾಗುತ್ತದೆ. ಅದರ ಕಥೆಯನ್ನು ಜೊತೆಯಾಗಿಯೇ ಆಡಿ ಮುಗಿಸೋಣ ಎಂದಿದ್ದೆವು; ಆಮೇಲೆ ನಾನು ನಿನ್ನ ಮದುವೆಗೆ ಬರಲಿಲ್ಲ, ನೀನು ಮಾತು ಬಿಟ್ಟೆ.

ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಿನ್ನೆ ಅಂಗಡಿಯಲ್ಲಿ ಒಬ್ಬರ ಕನ್ನಡಕದ ಗಾಜನ್ನು ಇನ್ನೊಬ್ಬರ ಫ್ರೇಮಿಗೆ ಕೂರಿಸಿದೆ. “ಮನಸ್ಸು ಎಲ್ಲಿ ಮೇಯೋಕೆ ಹೋಗಿದೆ, ತಾಯಿ?” ಎಂದ ಯಜಮಾನರು ಶುಕ್ರವಾರ ರಜೆಯನ್ನೇ ಕೊಟ್ಟುಬಿಟ್ಟರು.

ಪಾತ್ರಗಳನ್ನು ಮೊದಲೇ ಮಾಡಿಟ್ಟುಕೊಳ್ಳಲು ಬಿಟ್ಟಿದ್ದಾರೆ; ನನ್ನದನ್ನು ಐದು ಸಲ ಮಾಡಿ ಅಳಿಸಿ, ಕೊನೆಗೆ ವೈದ್ಯೆಯಾದೆ. ಮುನ್ನುಗ್ಗಿ ಪೆಟ್ಟು ತಿನ್ನುವವಳು ನೀನಲ್ಲವೇ? ಜೊತೆಗಾತಿಯಾಗಿ ನಿನ್ನ ಹೆಸರು ಕೊಟ್ಟಿದ್ದೇನೆ, ಗುರುವಾರದೊಳಗೆ ಒಪ್ಪಿಗೆ ಒತ್ತು.

ಮದುವೆಯ ದಿನ ಹೊಸ ಬಟ್ಟೆ ಹಾಕಿಕೊಂಡು ಬಸ್ ನಿಲ್ದಾಣದವರೆಗೆ ಬಂದಿದ್ದೆ; ನಿನ್ನನ್ನು ಬಿಟ್ಟುಕೊಡಲು ಮನಸ್ಸಾಗದೆ ಹಿಂದಿರುಗಿದೆ.

ಮಾತು ಬೇಡವೆನಿಸಿದರೆ ಮೈಕ್ ಆಫ್ ಮಾಡಿಕೊಂಡಾದರೂ ಬಾ.

ನಿನ್ನ ಅಕ್ಕ