ರಟ್ಟಿನ ತಳ

ಫೆಬ್ರವರಿ 4, ಬೆಳಿಗ್ಗೆ

ಚೀಲಗಳ ತಳಗಳನ್ನು ಕತ್ತರಿಸಿದ್ದಾಯಿತು. ಮೂಲೆ ಉಜ್ಜುವುದು ಬಾಕಿ. ಗುಬ್ಬಿ ಇನ್ನೂ ಬಂದಿಲ್ಲ. ಈ ವಾರವಿಡೀ ಇದೇ ಹಾಡು. ಇವರನ್ನು ಕೇಳಿದರೆ, “ನನ್ನ ತಂಗಿ ಅಲ್ವಾ, ನಿದ್ದೆ ಅವಳ ಆಸ್ತಿ” ಎಂದು ನಕ್ಕು ಆಫೀಸಿಗೆ ಹೊರಟರು. ನಾದಿನಿಯನ್ನು ಗದರುವ ಅತ್ತಿಗೆ ಅನ್ನಿಸಿಕೊಳ್ಳುವುದು ಬೇಡವೆಂದು ನಾನೂ ಸುಮ್ಮನಿದ್ದೇನೆ. ಆದರೂ ಪಕ್ಕದ ರಸ್ತೆಯಿಂದ ಬರಲು ಇಷ್ಟು ಹೊತ್ತೇ?

ಕಾಯುತ್ತ ಹಳೆಯ ಡಬ್ಬ ಜಾಲಾಡಿದೆ. ನನ್ನ ಸೋತ ತಳಗಳೆಲ್ಲ ಅಲ್ಲೇ ಬಿದ್ದಿವೆ. ರಟ್ಟು — ನೀರು ತಾಗಿದರೆ ಮುದ್ದೆ. ಫೋಮ್ — ಮುಟ್ಟಲು ಚೆಂದ, ಎರಡು ಪುಸ್ತಕ ಹಾಕಿದರೆ ಜೋಲು. ನೆಲಕ್ಕೆ ಹಾಸುವ ಮ್ಯಾಟು — ವಾರದಲ್ಲಿ ಸುರುಳಿ ಸುತ್ತಿಕೊಂಡಿತು. ಫೈಲ್ ಕವರ್ ಎರಡು ಪದರ ಹಾಕಿದ್ದೆ... ನಡೆದಾಗಲೆಲ್ಲ ಕಿರಕಿರ, ಚೀಲ ಜಗಳ ಆಡಿದ ಹಾಗೆ. ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಯನ್ನೂ ಬಿಡಲಿಲ್ಲ. ಇವರು ಅಡುಗೆಮನೆಯಲ್ಲಿ ಮಣೆ ಹುಡುಕುತ್ತಿದ್ದರು, ಮಣೆ ಚೀಲದೊಳಗೆ ಕೂತಿತ್ತು.

ಕೊನೆಗೆ ಸಿಕ್ಕಿದ್ದು ಅಂಗಡಿಗಳ ಬೋರ್ಡ್ ಮಾಡುವ ಟೊಳ್ಳು ಪ್ಲಾಸ್ಟಿಕ್ ಶೀಟು. ಒಳಗೆಲ್ಲ ಸಾಲಾಗಿ ಸಣ್ಣ ಕೊಳವೆ. ಹಗುರ, ಗಟ್ಟಿ, ನೀರಿಗೆ ಜಗ್ಗುವುದಿಲ್ಲ. ಒಂದೇ ನಿಯಮ — ಕೊಳವೆ ಚೀಲದ ಉದ್ದಕ್ಕೆ ಬರಬೇಕು. ಅಡ್ಡ ಬಂದರೆ ಭಾರಕ್ಕೆ ನಡು ಕುಸಿಯುತ್ತದೆ. ಗುಬ್ಬಿ ಇವತ್ತಿಗೂ ಮರೆಯುತ್ತಾಳೆ. ಅದಕ್ಕೇ ಕತ್ತರಿಸುವುದು ನಾನು, ಹೊಲಿಯುವುದು ಅವಳು.

ಬಂದಳು. ಕಣ್ಣೆಲ್ಲ ಕೆಂಪು. “ಬೈಬೇಡಿ ಅತ್ತಿಗೆ, ನಾಳೆಯಿಂದ ನಿಮಗಿಂತ ಮುಂಚೆ ಬರ್ತೀನಿ.” ಬೈಯಲು ಬಾಯಿ ಬರಲಿಲ್ಲ.

ಫೆಬ್ರವರಿ 7

ಜ್ವರ. ಕೈ ಎತ್ತಲಾಗುತ್ತಿಲ್ಲ. ನಮ್ಮ ಚೀಲ ಮಾರುವ ಅಂಗಡಿಯ ಮೇಡಂಗೆ ಕೊಡಬೇಕಾದವು ಅರ್ಧಕ್ಕೇ ನಿಂತಿವೆ. ಗುಬ್ಬಿ ಎಲ್ಲವನ್ನೂ ಗಂಟು ಕಟ್ಟಿದಳು. ಬಾಗಿಲ ಹಿಂದಿದ್ದ, ಇನ್ನೂ ಕತ್ತರಿಸದ ಶೀಟಿನ ಕಟ್ಟನ್ನೂ ಎತ್ತಿಕೊಂಡಳು.

“ನೀವು ಮಲಗಿ. ನಮ್ಮನೇಲೇ ಮುಗಿಸಿ ಅಂಗಡಿಗೂ ನಾನೇ ಕೊಟ್ಟು ಬರ್ತೀನಿ.”

“ನಿಮ್ಮನೇಲಿ ಮಷೀನೆಲ್ಲಿದೆಯೇ?”

“ಉಳಿದಿರೋದು ತಳದ ಜೇಬು ತಾನೇ. ಕೈಹೊಲಿಗೆ ಸಾಕು.”

ಸ್ವಂತ ತಂಗಿಯಾದರೂ ಇಷ್ಟು ಮಾಡುತ್ತಿರಲಿಲ್ಲ.

ಸಂಜೆ ಇವರು ಬೆನ್ನು ಹಿಡಿದುಕೊಂಡು ಬಂದರು. ಆಫೀಸಿನಲ್ಲಿ ಕಪಾಟು ಸರಿಸಿದರಂತೆ. ಜ್ವರದಲ್ಲೇ ಎದ್ದು ಮುಲಾಮು ತಿಕ್ಕಿದೆ. “ನಿನ್ನ ಕೈ ಬಿದ್ದರೇ ಅರ್ಧ ನೋವು ಹೋಗತ್ತೆ” ಅಂದರು. ಹುಷಾರಿಲ್ಲದಿದ್ದರೂ ಒಳಗೊಳಗೇ ಖುಷಿ.

ಫೆಬ್ರವರಿ 21, ಮಧ್ಯಾಹ್ನ

ಅಂಗಡಿ ಮೇಡಂ ಕರೆಸಿದ್ದರು. ಹೊಸ ಆರ್ಡರಿಗೆಂದು ಒಳ್ಳೆಯ ಸೀರೆ ಉಟ್ಟು ಹೋದೆ.

ಮೇಜಿನ ಮೇಲೆ ನನ್ನ ಚೀಲ. ಒದ್ದೆ. ತಳ ಉಬ್ಬಿಕೊಂಡು ಅಂಚಿನಿಂದ ಕಂದು ನೀರು. ಕೊಂಡವರು ಒಗೆದಿದ್ದಾರೆ.

“ತಳ ತೆಗೆದು ಒಗೀಬಹುದು ಅಂತ ನೀವೇ ಹೇಳಿದ್ರಿ. ಆ ಮಾತನ್ನೇ ಹೇಳಿ ಮಾರಿದೆ” ಅಂದರು ಮೇಡಂ. ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. “ನಿಮ್ಮ ಕೈದು ಅಂದ್ರೆ ನಾನು ಬಿಚ್ಚಿ ನೋಡೋಳಲ್ಲ ಕಣಮ್ಮ. ಇನ್ಮೇಲೆ ನೋಡಬೇಕಾಗತ್ತೆ.”

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಾರಾಟವಾಗದೆ ಉಳಿದ ಚೀಲಗಳನ್ನು ವಾಪಸ್ ತಂದೆ.

ಅದೇ ದಿನ, ಸಂಜೆ

ವಾಪಸ್ ತಂದ ಚೀಲಗಳನ್ನು ಮುಂದಿಟ್ಟುಕೊಂಡು ಕೂತೆ. ಕಂಡದ್ದನ್ನು ಕಂಡ ಹಾಗೇ ಬರೆಯುತ್ತೇನೆ.

ತಳದ ಜೇಬಿನ ಬಾಯಿಗೆ ನಾನು ಒತ್ತಿ ಹಾಕುವ ಟಿಚ್ ಬಟನ್ ಇಡುತ್ತೇನೆ. ಶೀಟು ಹೊರಗೆಳೆದು ಚೀಲ ಒಗೆಯಲಿ ಎಂದು. ಇವುಗಳಲ್ಲಿ ಬಟನ್ನೇ ಇಲ್ಲ. ಬಾಯಿ ಹೊಲಿದು ಮುಚ್ಚಿದೆ. ಅದೂ ಕೈಹೊಲಿಗೆ ಅಲ್ಲ, ಮಷೀನಿನದು. ನಮ್ಮ ಮುದುಕಿ ಮಷೀನು ಎಷ್ಟು ರಿಪೇರಿ ಮಾಡಿಸಿದರೂ ನಡುನಡುವೆ ಒಂದು ಹೊಲಿಗೆ ನುಂಗುತ್ತದೆ. ಈ ಹೊಲಿಗೆ ಸಣ್ಣದು, ಬಿಗಿಯಾದದ್ದು, ಒಂದೂ ತಪ್ಪಿಲ್ಲ.

ಬಿಚ್ಚಿದೆ. ಒಳಗೆ ರಟ್ಟು. ಮೂಲೆಗಳನ್ನು ಮಾತ್ರ ನಾನು ಕಲಿಸಿದ ಹಾಗೇ ದುಂಡಗೆ ಕತ್ತರಿಸಿದ್ದಾಳೆ. ಆ ದುಂಡು ಮೂಲೆಯ ಮೇಲೆ ಬೆರಳಾಡಿಸುತ್ತ ಒಂದೊಂದನ್ನೇ ಹೊರಗೆಳೆದೆ.

ಯಾವುದೋ ಪೆಟ್ಟಿಗೆಯ ರಟ್ಟು, ಮೇಲೆ ಅಚ್ಚು ಇತ್ತು. ಒಂದರಲ್ಲಿ ಚಕ್ರ, ಇನ್ನೊಂದರಲ್ಲಿ ಬಾಣದ ಗುರುತು, ಮತ್ತೊಂದರಲ್ಲಿ ಸೂಜಿಯ ತುದಿ. ನೆಲದ ಮೇಲೆ ಹರಡಿ ಮಕ್ಕಳ ಆಟದ ಹಾಗೆ ಜೋಡಿಸುತ್ತ ಕೂತೆ. ಹೊಲಿಗೆ ಮಷೀನಿನ ಚಿತ್ರ. ಮೋಟರು ಇರುವಂಥದ್ದು, ಹೊಸದು.

ನಮ್ಮ ಮನೆಗೆ ಹೊಸ ಮಷೀನು ಬಂದಿಲ್ಲ.

ಫೆಬ್ರವರಿ 22

ಗುಬ್ಬಿ ಬಂದಳು. ಜೋಡಿಸಿದ್ದು ನೆಲದ ಮೇಲೆ ಹಾಗೇ ಇತ್ತು. ಬಾಗಿಲಲ್ಲೇ ನಿಂತುಬಿಟ್ಟಳು.

“ಶೀಟು ಏನು ಮಾಡಿದೆ?”

“...ಇದೆ. ನಮ್ಮನೇಲಿ. ಅಂಗಡಿಗೆ ಅಂತ ಇಟ್ಕೊಂಡೆ.”

“ಯಾರ ಅಂಗಡಿ?”

ಸೆರಗಿನ ಅಂಚು ಸುತ್ತುತ್ತ ನಿಂತಳು. ಆಮೇಲೆ ಒಂದೇ ಉಸಿರಿಗೆ ಎಲ್ಲ ಹೊರಗೆ ಬಂತು. ಚೌಕದ ಹತ್ತಿರ ರೂಮು ಹಿಡಿದಿದ್ದಾಳೆ. ಇದೇ ಚೀಲ, ಇದೇ ಅಳತೆ. “ಹೊಲಿಯೋಳು ನಾನು ಅತ್ತಿಗೆ. ಎಲ್ಲರೂ ಹೊಗಳೋದು ನಿಮ್ಮ ಕೈಯನ್ನ. ಒಂದು ದಿನವಾದ್ರೂ ಇದು ಗುಬ್ಬಿ ಹೊಲಿದಿದ್ದು ಅಂತ ಹೇಳಿದೀರಾ?”

ಹೇಳಿಲ್ಲ. ಅದು ನಿಜ.

“ಹೋಗ್ತೀನಿ ಅಂತ ಹೇಳಬಾರದಿತ್ತೇನೇ?”

“ಹೇಳಿದ್ರೆ ಕಳಿಸ್ತಿದ್ರಾ?”

ಕಳಿಸುತ್ತಿದ್ದೆ ಎಂದೆ. ಈಗ ಬರೆಯುವಾಗ ಅಷ್ಟು ಗಟ್ಟಿಯಾಗಿ ಹೇಳಲಾರೆ. ಆದರೆ ಹೋಗುವವಳು ಹೋಗಲಿ, ನನ್ನ ಚೀಲಕ್ಕೆ ರಟ್ಟು ತುಂಬಿ, ನಾನು ನೋಡದಿರಲಿ ಎಂದು ಬಾಯಿ ಹೊಲಿದು... ಅದನ್ನು ಕೇಳುವಷ್ಟರಲ್ಲಿ ಮೆಟ್ಟಿಲಿಳಿದಿದ್ದಳು.

ಅದೇ ದಿನ, ಇವರು ಬಂದ ಮೇಲೆ

ಕಾಫಿ ಕೊಟ್ಟು ಹೇಳಿದೆ, “ಗುಬ್ಬಿ ನನಗೆ ಕೈ ಕೊಟ್ಟಳು ರೀ. ಬೇರೆ ಅಂಗಡಿ ಇಡ್ತಾಳಂತೆ.” ಅಷ್ಟೇ ಹೇಳಿದ್ದು. ಮಷೀನಿನ ಮಾತೇ ಎತ್ತಿರಲಿಲ್ಲ.

“ಮಾಡ್ಕೊಳ್ಳಲಿ ಬಿಡೇ. ಅಷ್ಟು ದೊಡ್ಡ ಮಷೀನು ತಂದ ಮೇಲೆ ಸುಮ್ನೆ ಇಡೋಕಾಗತ್ತಾ” ಅಂದರು. ಅಂದವರೇ ನಾಲಿಗೆ ಕಚ್ಚಿಕೊಂಡರು.

“ಮಷೀನು ನೀವೆಲ್ಲಿ ನೋಡಿದ್ರಿ?”

ಕಾಫಿ ಲೋಟದೊಳಗೆ ಕಣ್ಣು ನೆಟ್ಟರು. ನನಗೆ ಥಟ್ಟನೆ ಹೊಳೆಯಿತು.

“ಎಷ್ಟನೇ ಮಹಡಿ ರೀ ಆ ರೂಮು?”

“ಎರಡನೇದು” ಅಂದರು. “ಲಿಫ್ಟ್ ಇಲ್ಲ.”

ಕಪಾಟು ಅಲ್ಲ. ಆ ಮಷೀನು ಹೊತ್ತ ಬೆನ್ನಿಗೆ ನಾನು ಜ್ವರದಲ್ಲಿ ಎದ್ದು ಮುಲಾಮು ತಿಕ್ಕಿದ್ದೇನೆ. ನಿನ್ನ ಕೈ ಬಿದ್ದರೇ ಅರ್ಧ ನೋವು ಹೋಗತ್ತೆ ಅಂದಿದ್ದರು. ನಾಚಿಕೆ ಅವರಿಗಾಗಬೇಕು, ನನಗಾಗುತ್ತಿದೆ. ಅಣ್ಣ ತಂಗಿ ಎಷ್ಟು ದಿನ ನನ್ನ ಬೆನ್ನ ಹಿಂದೆ ಪಿಸುಗುಟ್ಟಿದರೋ. ನಾನೊಬ್ಬಳೇ ಪೆದ್ದಿ, ಮೂಲೆ ಉಜ್ಜುತ್ತ ಕೂತಿದ್ದೆ.

“ನಿಂಗೆ ಬೇಜಾರಾಗತ್ತೆ ಅಂತ ಹೇಳಲಿಲ್ಲ ಕಣೇ” ಅಂದರು. ಎಂಥ ಕಾಳಜಿ.

ಮಾರ್ಚ್ 15

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಅಡುಗೆ ಮಾಡುತ್ತೇನೆ, ಬಡಿಸುತ್ತೇನೆ. ಬೇಕು, ಬೇಡ, ಸಾಕು — ಇಷ್ಟೇ ಮಾತು.

ಅಂಗಡಿ ಮೇಡಂ ಅವರ ಚೀಲಗಳಿಗೆಲ್ಲ ಹೊಸ ತಳ ಹಾಕಿ ವಾಪಸ್ ಕೊಟ್ಟೆ. ಒಂದೊಂದನ್ನೂ ಎದುರಿಗೇ ಬಿಚ್ಚಿ ನೋಡಿದರು. ನೋಡಲಿ. ಆದರೂ ಅವರು ಟಿಚ್ ಬಟನ್ ಎಳೆದ ಪ್ರತಿ ಸದ್ದಿಗೂ ಮೈ ಹಿಡಿಯಾಯಿತು.

ಗುಬ್ಬಿಯ ಅಂಗಡಿಯ ಮುಂದೆ ಹೋಗಬಾರದೆಂದೇ ಸುತ್ತು ಬಳಸಿ ಬಂದೆ. ಮಷೀನಿನ ಮುಂದೆ ಈಗ ಎರಡೂ ಕೆಲಸ ನಾನೇ. ಮುದುಕಿ ಹೊಲಿಗೆ ನುಂಗಿದಾಗ “ಅತ್ತಿಗೆ, ಇವಳಿಗೆ ಮತ್ತೆ ಹಸಿವು” ಎಂದು ನಗುವವರಿಲ್ಲ. ದರಿದ್ರದವಳು. ನೆನಪಾಗುತ್ತಾಳೆ.

ಮಾರ್ಚ್ 27, ಬೆಳಿಗ್ಗೆ

ಗುಬ್ಬಿ ಬಂದಿದ್ದಳು. ಇಳಿದುಹೋಗಿದ್ದಾಳೆ. ಒಳಗೆ ಕರೆಯಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ತಾನೇ ಬಂದು ಚೀಲವೊಂದನ್ನು ಮೇಜಿನ ಮೇಲಿಟ್ಟಳು.

“ಶೀಟೂ ನಿಮ್ಮದೇ, ಅಳತೇನೂ ನಿಮ್ಮದೇ. ಆದ್ರೂ ಭಾರ ಹಾಕಿದ್ರೆ ನಡು ಕುಸೀತದೆ ಅತ್ತಿಗೆ. ಶಾಲೆಯವರ ಆರ್ಡರು, ಮೊದಲನೇದು... ಇದು ವಾಪಸ್ ಬಂದ್ರೆ ನಾನು ಮುಗಿದೆ. ಎಲ್ಲಿ ತಪ್ಪಾಗಿದೆ ಅಂತ ನೋಡಿ. ಸಂಜೆ ಬರ್ತೀನಿ.”

ಚೀಲ ಅಲ್ಲೇ ಬಿಟ್ಟು ಹೋದಳು.

ಶೀಟು ಎಳೆದು ನೋಡುವ ಮೊದಲೇ ಗೊತ್ತಿತ್ತು. ಕೊಳವೆ ಅಡ್ಡ. ಎಷ್ಟು ಸಲ ಹೇಳಿದ್ದೆ. ಕೇಳಿಸಿಕೊಂಡಿದ್ದರೆ ತಾನೇ.

ಮಧ್ಯಾಹ್ನ

ಊಟ ಸೇರಲಿಲ್ಲ. ಆ ಚೀಲವನ್ನೇ ನೋಡುತ್ತ ಕೂತೆ. ಅನುಭವಿಸಲಿ ಎಂದುಕೊಂಡೆ. ಮತ್ತೆ ಅದರ ಹೊಲಿಗೆ ನೋಡಿದೆ. ಎಷ್ಟು ನೀಟು. ಅವಳ ಕೈ ನಿಜವಾಗಿಯೂ ಒಳ್ಳೆಯದು. ಅದನ್ನು ನಾನು ಯಾರಿಗೂ ಹೇಳಲಿಲ್ಲ, ಅವಳಿಗೂ.

ಹೇಳಿಬಿಡುತ್ತೇನೆ. ಎರಡೇ ಮಾತು — ತಿರುಗಿಸಿ ಕತ್ತರಿಸು. ಬದಲಿಗೆ ನಾನು ಕೇಳುವುದೂ ಒಂದೇ ಮಾತು. ಹೋದದ್ದು ಸರಿ, ನನ್ನ ಚೀಲಕ್ಕೆ ರಟ್ಟು ಯಾಕೆ ಹಾಕಿದೆ? ತಲೆಯೆತ್ತಿ ಉತ್ತರ ಹೇಳಿದರೆ ಸಾಕು. ಅಳಬೇಕಿಲ್ಲ, ಕಾಲಿಗೆ ಬೀಳಬೇಕಿಲ್ಲ.

ಕೊಳವೆ ಉದ್ದಕ್ಕೆ ಬರುವ ಹಾಗೆ ಒಂದು ತಳ ಕತ್ತರಿಸಿ ಮೂಲೆ ಉಜ್ಜಿದೆ. ಅವಳ ಚೀಲದ ಪಕ್ಕದಲ್ಲೇ ಇಟ್ಟಿದ್ದೇನೆ. ಎರಡು ಲೋಟ ಕಾಫಿಗೆ ನೀರಿಡಬೇಕು.

ಸಂಜೆ

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಬರೆಯುವುದನ್ನು ಮುಚ್ಚಿಡಲು ಹೊರಟಿದ್ದೆ. ಒಬ್ಬರದಲ್ಲ, ಇಬ್ಬರದು. ತಿರುವಿನಲ್ಲಿ ನಿಂತಿದ್ದಾರೆ. ಕಿಟಕಿ ತೆರೆದೇ ಇದೆ.

“ನೀನು ಇಲ್ಲೇ ಇರು” — ಇವರ ದನಿ. “ಬೆನ್ನು ನೋವು ಅಂತ ಕೂತ್ಕೊಂಡ್ರೆ ಕರಗ್ತಾಳೆ. ಮುಲಾಮು ಹಚ್ಚುವಾಗ ಮಾತಲ್ಲಿ ಮಾತು ತೆಗೆದು ಕೇಳ್ಕೊಂಡು ಬರ್ತೀನಿ. ನಾನಿದೀನಲ್ಲ.”

ಗುಬ್ಬಿ ಬೇಡ ಅನ್ನಲಿಲ್ಲ. ಕಿವಿಗೊಟ್ಟು ಕಾದೆ. ಅನ್ನಲಿಲ್ಲ.

ಕತ್ತರಿಸಿದ ತಳವನ್ನು ಹಳೆಯ ಡಬ್ಬದಲ್ಲಿ, ಎಲ್ಲಕ್ಕಿಂತ ಕೆಳಗೆ ತಳ್ಳಿದೆ. ಸ್ಟೌ ಆರಿಸಿದೆ. ಬಾಗಿಲು ಬಡಿಯುತ್ತಿದ್ದಾರೆ, ಆಗಲೇ ನರಳುತ್ತಿದ್ದಾರೆ. ಬರಲಿ. ಮುಲಾಮು ತಿಕ್ಕುತ್ತೇನೆ, ಎಂದಿನ ಹಾಗೇ. ಕೇಳಿದರೆ ಹೇಳುತ್ತೇನೆ — ತಳ ಸರಿಯಾಗೇ ಇದೆ ರೀ, ಅವಳು ತಂದ ಬಟ್ಟೆಯೇ ಜಾಳು, ಅದಕ್ಕೇ ಕುಸಿಯೋದು.